ಭೌತಶಾಸ್ತ್ರವೂ ಇಂಜಿನಿಯರಿಂಗೂ: ಎರಡು ಪದವಿಗಳ ಮಾರ್ಗ

ನಮ್ಮ ಶಾಲೆಯನ್ನು ಬಿಟ್ಟು ಪಿ.ಯು.ಸಿ. ತರಗತಿಗೆ ಸೇರಿದ ಬಾಲಿಕೆಯರ ಮನೆಗಳಲ್ಲಿ ಒಂದು ಚರ್ಚೆಯು ತಪ್ಪದೆ ನಡೆಯುವುದುಂಟು. ಮಗಳಿಗೆ ಭೌತಶಾಸ್ತ್ರದಲ್ಲಿ ಆಸಕ್ತಿ; ತಂದೆತಾಯಿಗಳಿಗೆ ಅವಳು ಇಂಜಿನಿಯರಾಗಲೆಂಬ ಆಸೆ. ಒಂದನ್ನು ಹಿಡಿದರೆ ಇನ್ನೊಂದನ್ನು ಕೈಬಿಡಲೇಬೇಕೆಂದು ಉಭಯತರೂ ಭಾವಿಸುವರು. ಹಾಗೆ ಭಾವಿಸಬೇಕಾಗಿಲ್ಲವೆಂಬುದನ್ನೂ, ಆದರೆ ಈ ಮಾರ್ಗದಲ್ಲಿ ಎಡವುವ ಸ್ಥಳಗಳಿವೆಯೆಂಬುದನ್ನೂ ಇಲ್ಲಿ ವಿವರಿಸುವೆವು.

ದೂರ ಹೋಗುವುದೇಕೆ? ಯಶವಂತಪುರದ ಮಗ್ಗುಲಲ್ಲಿಯೇ, ನಮ್ಮ ಹಿರಿಯರು ಟಾಟಾ ಇನ್ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸ್ ಇರುವುದಷ್ಟೆ. ಶ್ರೀಮತಿ ರಾಜೇಶ್ವರಿ ಚಟರ್ಜಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ 1943ರಲ್ಲಿ ಈ ಸಂಸ್ಥೆಯನ್ನು ಸೇರಿದರು. ಬಳಿಕ 1947ರಲ್ಲಿ ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಎಲೆಕ್ಟ್ರಿಕಲ್ ಇಂಜಿನಿಯರಿಂಗಿನಲ್ಲಿ ಮಾಸ್ಟರ್ ಪದವಿಯನ್ನೂ 1953ರಲ್ಲಿ ಡಾಕ್ಟರೇಟನ್ನೂ ಪಡೆದು ಹಿಂದಿರುಗಿ, ಇಲ್ಲಿಯೇ ಮೈಕ್ರೋವೇವ್ ಶಾಸ್ತ್ರವನ್ನು ಬೋಧಿಸಿದರು.

ಅದೇ ಆವರಣದಲ್ಲಿ ಇನ್ನೊಬ್ಬಾಕೆಗೆ ಆದುದು ಬೇರೆ. 1940ರಲ್ಲಿ ರಾಮನ್ನರ ಪ್ರಯೋಗಶಾಲೆಗೆ ಬಂದ ಅಣ್ಣಾ ಮಣಿಯವರು ವಜ್ರ, ಮಾಣಿಕ್ಯಗಳು ಬೀರುವ ಬೆಳಕನ್ನು ಪರೀಕ್ಷಿಸಿ ಐದು ಲೇಖನಗಳನ್ನು ಪ್ರಕಟಿಸಿದರು. ಕೆಲಸ ನಡೆದುದು ಬೆಂಗಳೂರಿನಲ್ಲಾದರೂ ಪದವಿ ಕೊಡಬೇಕಾದುದು ಮದ್ರಾಸ್ ವಿಶ್ವವಿದ್ಯಾನಿಲಯ. 1945ರಲ್ಲಿ ಪ್ರಬಂಧವನ್ನು ಒಪ್ಪಿಸಿದಾಗ, ಎಂ.ಎಸ್ಸಿ. ಇಲ್ಲವೆಂಬ ಕಾರಣದಿಂದ ಡಾಕ್ಟರೇಟನ್ನು ನಿರಾಕರಿಸಲಾಯಿತು. ಆಕೆ ಎದೆಗುಂದದೆ ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಅಭ್ಯಾಸ ಮಾಡಿ, 1948ರಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಸೇರಿ ಕೀರ್ತಿವಂತರಾದರೆಂಬುದು ನಿಜ. ಆ ಪದವಿ ಮಾತ್ರ ಬರಲಿಲ್ಲ. ಪಾಠ ಹೇಳುವ ಸಂಸ್ಥೆ ಒಂದು, ಪದವಿ ಕೊಡುವ ಸಂಸ್ಥೆ ಇನ್ನೊಂದು ಆಗಿರುವಲ್ಲಿ, ಎರಡನೆಯದರ ನಿಯಮಗಳನ್ನು ಮೊದಲೇ ಓದಿಕೊಳ್ಳಬೇಕು.

ಈಗ ಅಮೆರಿಕೆಯಲ್ಲಿ ರೂಢಿಯಲ್ಲಿರುವ 'ಮೂರು-ಎರಡು' ಕ್ರಮವನ್ನು ನೋಡೋಣ. ವಿದ್ಯಾರ್ಥಿನಿಯು ಮೂರು ವರ್ಷ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ, ಅದರೊಡನೆ ಒಡಂಬಡಿಕೆ ಮಾಡಿಕೊಂಡ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಇಂಜಿನಿಯರಿಂಗ್ ಕಲಿಯುವಳು. ಐದನೆಯ ವರ್ಷದ ಕೊನೆಗೆ ಎರಡೂ ಸಂಸ್ಥೆಗಳಿಂದ ಒಂದೊಂದು ಪದವಿ ದೊರೆಯುವುದು. ಅಟ್ಲಾಂಟಾ ನಗರದ ಸ್ಪೆಲ್ಮನ್ ಎಂಬ ಮಹಿಳಾ ಕಾಲೇಜು ಇಂಥ ಏರ್ಪಾಡಿನಲ್ಲಿ ಸೇರಿದ ಕಾಲೇಜುಗಳಲ್ಲೊಂದು. ಅದು 1881ರಲ್ಲಿ ಸ್ಥಾಪಿತವಾದುದು. ಆದರೆ ಮೂರು ವರ್ಷವಾದ ಮೇಲೆ ಎರಡನೆಯ ಕಡೆ ಪ್ರವೇಶ ಸಿಕ್ಕದಿದ್ದರೆ ಆಗ ಕೈಯಲ್ಲಿ ಯಾವ ಪದವಿಯೂ ಇರದು. ಮೊದಲನೆಯ ಕಾಲೇಜಿನಲ್ಲಿಯೇ ನಾಲ್ಕನೆಯ ವರ್ಷವನ್ನು ಪೂರೈಸಬೇಕು. ಮೊದಲನೆಯ ಕಾಲೇಜಿನ ವಿದ್ಯಾರ್ಥಿವೇತನವು ಎರಡನೆಯದಕ್ಕೆ ಹಿಂಬಾಲಿಸಿ ಬರುವುದೆಂದೂ ನಂಬಕೂಡದು. ಸಾಲ ಮಾಡಿ ಕಳುಹಿಸುವ ತಂದೆತಾಯಿಗಳು ಈ ಎರಡು ಸಂಗತಿಗಳನ್ನು ಬರೆಹದಲ್ಲಿ ಕೇಳಿ ಪಡೆಯುವುದು ಲೇಸು.

ನಮ್ಮ ದೇಶದಲ್ಲಿ ಒಂದು ಪದವು ಅನೇಕರನ್ನು ದಾರಿತಪ್ಪಿಸುತ್ತಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಭಾರತದ ಮತ್ತು ಹೊರದೇಶದ ವಿದ್ಯಾಸಂಸ್ಥೆಗಳು ಕೂಡಿ 'ಡ್ಯುಯಲ್ ಡಿಗ್ರಿ' ಕೊಡಲು ನಿಯಮಗಳನ್ನು ಹೊರಡಿಸಿತು. ಶೇಕಡಾ 30ಕ್ಕೆ ಕಡಿಮೆಯಿಲ್ಲದಷ್ಟು ಕ್ರೆಡಿಟ್‌ಗಳನ್ನು ಭಾರತದ ಸಂಸ್ಥೆಯಲ್ಲಿ ಗಳಿಸಬೇಕು. ಆದರೆ ಅಲ್ಲಿ ಎರಡು ಪದವಿಗಳೂ ಒಂದೇ ವಿಷಯದವು. ಭೌತಶಾಸ್ತ್ರಕ್ಕೊಂದು, ಇಂಜಿನಿಯರಿಂಗಿಗೊಂದು ಎಂದು ತಿಳಿಯಬಾರದೆಂಬ ಅರ್ಥವು ಆ ನಿಯಮಗಳಲ್ಲಿಯೇ ಸ್ಪಷ್ಟವಾಗಿದೆ. ಜಾಹಿರಾತನ್ನು ನೋಡಿ ಹಣ ಕಟ್ಟುವ ಮುನ್ನ ಇದನ್ನು ಗಮನಿಸಿರಿ.

ಹಾಗಾದರೆ ಊರಿನಲ್ಲಿಯೇ ಉಳಿಯುವವಳಿಗೆ ದಾರಿಯೇನು? ಟಾಟಾ ಇನ್ಸ್ಟಿಟ್ಯೂಟಿನಲ್ಲಿ ಹಿಂದೆ ಬಿ.ಎಸ್ಸಿ. ಆದವರಿಗೆಂದೇ ಮೂರು ವರ್ಷದ ಬಿ.ಇ. ಇದ್ದಿತು, ಅದು ನಿಂತುಹೋದುದು ನಮಗೆ ನಷ್ಟವೆಂದೇ ಎಣಿಸುವೆವು. ಈಗ ಗಣಿತವನ್ನು ಓದಿದ ಬಿ.ಎಸ್ಸಿ. ಪದವೀಧರೆಯರು ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮಗಳಲ್ಲಿ ಅವಕಾಶವುಂಟು. ಮೂರು ವರ್ಷ ಭೌತಶಾಸ್ತ್ರ, ಆ ಮೇಲೆ ಮೂರು ವರ್ಷ ಇಂಜಿನಿಯರಿಂಗ್: ಅಮೆರಿಕೆಯ ಕ್ರಮಕ್ಕಿಂತ ಒಂದೇ ವರ್ಷ ಹೆಚ್ಚು. ಇಲ್ಲಿ ನಡುವೆ ನಿಂತರೂ ಬಿ.ಎಸ್ಸಿ. ಪದವಿಯು ಅವಳದಾಗಿಯೇ ಇರುವುದು.