ಬಳಸದೆ ಇಟ್ಟ ಬ್ಯಾಟರಿ

ರಾಯಚೂರಿನಂಥ ಊರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವವರಿಗೆ ಬೇಸಿಗೆ ಬಂತೆಂದರೆ ಒಂದು ಬಗೆಯ ಕೆಲಸ ಹುಡುಕಿಕೊಂಡು ಬರುತ್ತದೆ. ಬಳಸದೆ ಇಟ್ಟು ಕೆಟ್ಟ ಸಾಮಾನುಗಳು. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಸಾಲ ಮಾಡಿ ತಂದ ಟ್ಯಾಬ್, ಗುಳೆ ಹೋಗುವಾಗ ಮನೆಯಲ್ಲಿಟ್ಟು ಬೀಗ ಹಾಕಿದ ಎರಡನೇ ಫೋನು, ಮದುವೆಯಲ್ಲಿ ಮುಯ್ಯಿ ಬಂದ ಬ್ಲೂಟೂತ್ ಸ್ಪೀಕರ್, ಟ್ರಿಮ್ಮರ್. ಎಲ್ಲದರಲ್ಲೂ ಬ್ಯಾಟರಿ ಒಳಗೇ ಕೂತಿರುತ್ತದೆ. ಹಳೇ ಕೀಪ್ಯಾಡ್ ಫೋನಿನ ಹಾಗೆ ಮುಚ್ಚಳ ತೆಗೆದು ಬೇರೆ ಇಡಲು ಬರುವುದಿಲ್ಲ.

ಒಬ್ಬ ಅಕ್ಕ ತಂದ ಟ್ಯಾಬ್ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಗಳು ಪಿಯುಸಿಗೆ ಹೋದಾಗ ಬೇಕಾಗುತ್ತದೆ ಎಂದು ಜೋಪಾನ ಮಾಡಿದ್ದರು. "ಅಣ್ಣಾರ, ಫುಲ್ ಚಾರ್ಜ್ ಮಾಡಿ, ಅರಿವ್ಯಾಗ ಸುತ್ತಿ ತಿಜೋರ್ಯಾಗ ಇಟ್ಟಿದ್ದೆ ನೋಡ್ರಿ. ಯಾರೂ ಮುಟ್ಟಿಲ್ಲ" ಎಂದರು. ಟೇಬಲ್ ಮೇಲಿಟ್ಟರೆ ಟ್ಯಾಬ್ ಸಮನಾಗಿ ಕೂರಲಿಲ್ಲ. ಒಂದು ಬದಿಯಲ್ಲಿ ಡಿಸ್‌ಪ್ಲೇ ಫ್ರೇಮ್ ಬಿಟ್ಟು ಎದ್ದಿತ್ತು, ಸಂದಿಯಲ್ಲಿ ಉಗುರು ತೂರುತ್ತಿತ್ತು. ಹಾಟ್ ಏರ್ ಗನ್ ಮುಟ್ಟದೆ, ತೆಳು ಪ್ಲಾಸ್ಟಿಕ್ ಕಾರ್ಡಿನಿಂದ ಅಂಚು ಬಿಡಿಸಿದೆ. ಒಳಗೆ ಚಪ್ಪಟೆಯಾಗಿರಬೇಕಿದ್ದ ಬೆಳ್ಳಿ ಬಣ್ಣದ ಬ್ಯಾಟರಿ ಪೂರಿಯಂತೆ ಉಬ್ಬಿತ್ತು. ಅದರ ಒಂದು ಮಡಿಕೆ ಬಿಟ್ಟು, ಮೂಗಿಗೆ ಹತ್ತುವ ಸಿಹಿ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡೇ ಆ ಕೆಲಸ ಮುಗಿಸಿದೆ. ಡಿಸ್‌ಪ್ಲೇ ಸೀಳಿತ್ತು. ಹೊಸದು ಹಾಕುವ ಖರ್ಚಿಗೆ ಹಳೇ ಟ್ಯಾಬೇ ಇನ್ನೊಂದು ಬರುತ್ತಿತ್ತು.

ಆ ಅಕ್ಕನ ಜೋಪಾನದಲ್ಲಿ ಏನೂ ಕಡಿಮೆ ಇರಲಿಲ್ಲ. ಫುಲ್ ಚಾರ್ಜ್ ಮಾಡಿಟ್ಟರೆ ಒಳ್ಳೆಯದು ಎಂದು ಎಲ್ಲರೂ ತಿಳಿದಿರುತ್ತಾರೆ. ಹಾಗಲ್ಲ ಎಂದು ಮಾರುವವರು ಯಾರೂ ಹೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 4.2 ವೋಲ್ಟ್ ಆಸುಪಾಸು ನಿಲ್ಲುತ್ತದೆ. ಆ ಮಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ದ್ರವ ನಿಧಾನವಾಗಿ ಕೆಡುತ್ತಾ ಗ್ಯಾಸ್ ಆಗುತ್ತದೆ. ಸೆಕೆ ಸೇರಿದರೆ ಇದು ಇನ್ನೂ ಬೇಗ. ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಹೀಗಿದೆ: 25 ಡಿಗ್ರಿಯಲ್ಲಿ, ಶೇ. 40 ಚಾರ್ಜ್‌ನಲ್ಲಿ ಒಂದು ವರ್ಷ ಇಟ್ಟ ಬ್ಯಾಟರಿಯ ಸಾಮರ್ಥ್ಯ ಸುಮಾರು ಶೇ. 96 ಉಳಿಯುತ್ತದೆ. ಅದನ್ನೇ ಫುಲ್ ಮಾಡಿ 40 ಡಿಗ್ರಿಯಲ್ಲಿಟ್ಟರೆ ಉಳಿಯುವುದು ಶೇ. 65ರಷ್ಟು. ನಮ್ಮೂರಿನಲ್ಲಿ ಮೇ ತಿಂಗಳು ಹೊರಗೇ 40 ದಾಟುತ್ತದೆ. ತಗಡಿನ ಮನೆ, ಪಡುವಣ ಗೋಡೆಗೆ ಒರಗಿಸಿದ ಕಬ್ಬಿಣದ ತಿಜೋರಿ ಎಂದಮೇಲೆ ಒಳಗಿನ ಕಾವು ಕೇಳುವುದೇ ಬೇಡ.

ಪೂರ್ತಿ ಖಾಲಿ ಮಾಡಿ ಇಡುವುದೂ ಅಷ್ಟೇ ಕೆಟ್ಟದ್ದು. ಫೋನು ಆಫ್ ಆದಮೇಲೂ ಒಳಗಿನ ಸರ್ಕ್ಯೂಟ್ ಚೂರು ಚೂರೇ ಕರೆಂಟ್ ಎಳೆಯುತ್ತಿರುತ್ತದೆ. ವೋಲ್ಟೇಜ್ ತೀರಾ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಆಮೇಲೆ ಚಾರ್ಜ್ ಹಾಕಿದಾಗ ಅದೇ ತಾಮ್ರ ಒಳಗೇ ಶಾರ್ಟ್ ಮಾಡಬಹುದು. "ಪವರ್ ಸಪ್ಲೈಯಿಂದ ಒಂದು ಬೂಸ್ಟ್ ಕೊಡ್ರಿ, ಎದ್ದೇಳ್ತದ" ಎಂದು ಗಿರಾಕಿ ಬೇಡಿಕೊಳ್ಳುತ್ತಾರೆ. ಎಬ್ಬಿಸಲು ಬರುತ್ತದೆ, ನಿಜ. ಆದರೆ ಮಲ್ಟಿಮೀಟರ್ 2 ವೋಲ್ಟ್‌ಗಿಂತ ಕೆಳಗೆ ತೋರಿಸಿದ ಬ್ಯಾಟರಿಯನ್ನು ನಾನು ಎಬ್ಬಿಸುವುದಿಲ್ಲ. ಅದು ರಾತ್ರಿ ಮಕ್ಕಳು ಮಲಗಿದ ಕೋಣೆಯಲ್ಲಿ ಚಾರ್ಜಿಗೆ ಕೂರುತ್ತದೆ.

ಇಡುವುದೇ ಆದರೆ ಅರ್ಧ ಚಾರ್ಜ್ ಮಾಡಿ, ಪೂರ್ತಿ ಸ್ವಿಚ್ ಆಫ್ ಮಾಡಿ ಇಡಿ. ಆಪಲ್ ಕಂಪನಿಯೂ ಇದನ್ನೇ ಹೇಳುತ್ತದೆ: ಅರ್ಧ ಚಾರ್ಜ್, 32 ಡಿಗ್ರಿಯೊಳಗಿನ ಜಾಗ, ಆರು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತರುವುದು. ನಮ್ಮ ಬಿಸಿಲಿಗೆ ಮೂರು ತಿಂಗಳಿಗೊಮ್ಮೆ ನೋಡುವುದು ಲೇಸು. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಸರಕಾಗಿ ಸಾಗಿಸುವಾಗಲೂ 2016ರಿಂದ ಚಾರ್ಜ್ ಶೇ. 30 ಮೀರುವಂತಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ತಂಪಾಗಿರುವ ಕೋಣೆ ಆರಿಸಿ. ಹಾಸಿಗೆ, ಕಾಗದಪತ್ರಗಳ ನಡುವೆ, ಅಕ್ಕಿ ಚೀಲದ ಅಡಿಯಲ್ಲಿ ಬೇಡ. ಫ್ರಿಜ್ ಕೂಡ ಬೇಡ, ಹೊರಗೆ ತೆಗೆದಾಗ ತೇವ ಕೂರುತ್ತದೆ.

ಹೊರದೇಶದಿಂದ ಬಂದ ಹುಡುಗರು ಒಮ್ಮೊಮ್ಮೆ ವೇಪ್, ಅಂದರೆ ಇ-ಸಿಗರೇಟು ತಂದು, ವರ್ಷದಿಂದ ಇಟ್ಟಿದ್ದೆ, ಚಾರ್ಜ್ ಆಗುತ್ತಿಲ್ಲ ಎನ್ನುತ್ತಾರೆ. ಅದರೊಳಗಿನದೂ ಇದೇ ಜಾತಿಯ ಬ್ಯಾಟರಿ. ಎಷ್ಟೋ ವೇಪ್‌ಗಳಲ್ಲಿ ಒಂದು ಸಣ್ಣ ಲೈಟ್ ಬಿಟ್ಟರೆ ಎಷ್ಟು ಚಾರ್ಜ್ ಉಳಿದಿದೆ ಎಂದು ತಿಳಿಯಲು ದಾರಿಯಿಲ್ಲ. ಇ-ಸಿಗರೇಟಿನ ಆಮದು, ಮಾರಾಟ, ದಾಸ್ತಾನನ್ನು ನಮ್ಮ ದೇಶದಲ್ಲಿ 2019ರ ಕಾಯ್ದೆ ನಿಷೇಧಿಸಿದೆ. ನಾನು ಅದನ್ನು ಕೈಯಲ್ಲೂ ಹಿಡಿಯುವುದಿಲ್ಲ.

ಈ ವಾರ ಒಮ್ಮೆ ನಿಮ್ಮ ಕಪಾಟು ತೆಗೆದು ನೋಡಿ. ಹಿಂಬದಿ ಉಬ್ಬಿದ್ದರೆ, ಡಿಸ್‌ಪ್ಲೇ ಎದ್ದಿದ್ದರೆ ಚಾರ್ಜರ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು, ತಿಳಿದ ರಿಪೇರಿಯವರಿಗೆ ತೋರಿಸಿ. ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಬೇರೆಯಾಗಿಯೇ ಕೊಡಬೇಕು, ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸುವ ಹೊಣೆ ಉತ್ಪಾದಕರದ್ದು.