ಒಂಟಿ ಹಿರಿಯರು ಮತ್ತು ಬಾಗಿಲ ಚಿಲಕ

ಮುಂಬಯಿಯ ಬಹುಮಹಡಿ ಕಟ್ಟಡಗಳಲ್ಲಿ ಒಂಟಿಯಾಗಿ ಬಾಳುವ ಹಿರಿಯರು ಕಳ್ಳರಿಗಂಜಿ ಒಳಚಿಲಕ ಹಾಕಿಕೊಳ್ಳುವುದು ಸಹಜ. ಆದರೆ ಅವರು ಸ್ನಾನದ ಮನೆಯಲ್ಲಿ ಜಾರಿಬಿದ್ದಾಗ ಅದೇ ಚಿಲಕವು ನೆರವಿಗೆ ಬಂದವರನ್ನು ಹೊರಗೇ ತಡೆಯುತ್ತದೆ. ಬಿದ್ದ ಪೆಟ್ಟಿನಂತೆ, ಬಿದ್ದಲ್ಲೇ ಕಳೆದ ಹೊತ್ತೂ ಅಪಾಯಕರ. ಏಳಲಾಗದೆ ಗಂಟೆಗಟ್ಟಲೆ ನೆಲದ ಮೇಲೆ ಉಳಿದವರಲ್ಲಿ ನಿರ್ಜಲತೆ, ಒತ್ತುಹುಣ್ಣುಗಳು ತಲೆದೋರುತ್ತವೆ. ಬಹುಕಾಲ ಅದುಮಿದ ಸ್ನಾಯುಗಳು ಶಿಥಿಲಗೊಂಡು ಮೂತ್ರಪಿಂಡಗಳಿಗೂ ಹಾನಿಯಾಗಬಹುದು.

ಆದುದರಿಂದ ಹೊರಗಿನಿಂದಲೂ ಕೀಲಿಕೈಯಿಂದ ತೆರೆಯಬಹುದಾದ ಬೀಗವನ್ನಷ್ಟೇ ಹಾಕಿಕೊಂಡು, ಇನ್ನೊಂದು ಕೀಲಿಕೈಯನ್ನು ನಂಬಿಕಸ್ತ ನೆರೆಯವರಲ್ಲಿ ಇರಿಸುವುದು ಲೇಸು. ಸ್ನಾನದ ಮನೆಗೆ ಗಟ್ಟಿಯಾದ ಹಿಡಿಕಂಬಿ, ಜಾರದ ಚಾಪೆ ಅವಶ್ಯ. ಸ್ನಾನದ ವೇಳೆ ಅಲ್ಲಿಯೂ ಚಿಲಕ ಬೇಡ. ಪ್ರತಿದಿನ ಬೆಳಿಗ್ಗೆ ಗೊತ್ತಾದ ಹೊತ್ತಿಗೆ ನೆರೆಯವರೊಡನೆ ಒಂದು ಮಾತು ನಡೆಯಲಿ. ತುರ್ತು ನೆರವಿಗೆ 112, ಹಿರಿಯರ ಸಹಾಯವಾಣಿಗೆ 14567 ಸಂಖ್ಯೆಗಳು ಹಾಸಿಗೆಯ ಬಳಿಯಿರಲಿ. ಕೀಲಿಕೈ ಒಪ್ಪಿಸಿದ ಮಾತ್ರಕ್ಕೆ ಹಿರಿಯರ ಸ್ವಾತಂತ್ರ್ಯಕ್ಕೆ ಕುಂದಿಲ್ಲ.