ಉಗಿಯ ಕೆಲಸವೂ ಉಗಿಯಿಳಿದ ನೀರೂ

ಸೊಲ್ಲಾಪುರ ಜಿಲ್ಲೆಯ ಕಬ್ಬು ಬೆಳೆಯುವ ಮನೆಗಳಿಗೆ ಸಕ್ಕರೆ ಕಾರಖಾನೆಯು ಅಪರಿಚಿತವಲ್ಲ. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಕೆಳಗೆ ನೇರವಾಗಿ ಉರಿಯನ್ನಿಡುವರು. ಕಾರಖಾನೆಯಲ್ಲಾದರೋ ಉರಿ ಒಂದೆಡೆ, ಕಬ್ಬಿನ ಹಾಲು ಇನ್ನೊಂದೆಡೆ. ನಡುವೆ ಶಾಖವನ್ನು ಹೊತ್ತು ತರುವುದು ಉಗಿ. ಈ ಉಗಿಯನ್ನು ಅಂಕೆಯಲ್ಲಿಡುವ ಬಗೆಯನ್ನು ನಾವು ಇಲ್ಲಿ ವಿಚಾರಿಸೋಣ.

ಒಂದು ಕಿಲೋಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು 100 ಕಿಲೋಕ್ಯಾಲರಿ ಶಾಖ ಸಾಕು. ಅದೇ ನೀರು ಅದೇ 100 ಡಿಗ್ರಿಯಲ್ಲಿ ಉಗಿಯಾಗಬೇಕಾದರೆ ಇನ್ನೂ ಸುಮಾರು 540 ಕಿಲೋಕ್ಯಾಲರಿ ಬೇಕು. ಇದು ಉಷ್ಣಮಾಪಕಕ್ಕೆ ಕಾಣಿಸದು. ಆದುದರಿಂದಲೇ ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಉಗಿಯು ತಂಪಾದ ಕೊಳವೆಗೆ ತಗುಲಿ ನೀರಾದೊಡನೆ ಈ ಶಾಖವನ್ನೆಲ್ಲ ಒಪ್ಪಿಸಿಬಿಡುತ್ತದೆ.

ಹಾಲು ಕಾಯಿಸುವ ಯಂತ್ರವೆಂದರೆ ಒಂದು ದೊಡ್ಡ ಉರುಳೆ. ಅದರೊಳಗೆ ಸಾಲುಸಾಲು ಕೊಳವೆಗಳು. ಕೊಳವೆಗಳ ಒಳಗೆ ಹಾಲು, ಹೊರಗೆ ಉಗಿ. ಸಾಮಾನ್ಯವಾಗಿ ಹಾಲನ್ನು ಮೊದಲು ಸುಮಾರು 70 ಡಿಗ್ರಿಗೂ, ಸುಣ್ಣ ಬೆರೆಸಿದ ಮೇಲೆ 100 ಡಿಗ್ರಿಗಿಂತ ತುಸು ಹೆಚ್ಚಿಗೂ ಕಾಯಿಸುವರು. ಶಾಖ ಕಡಿಮೆಯಾದರೆ ಕಲ್ಮಷ ಚೆನ್ನಾಗಿ ತಳಕ್ಕಿಳಿಯದು. ಅತಿಯಾದರೆ ಬಣ್ಣ ಕಪ್ಪಾಗಿ ಸಕ್ಕರೆ ಕೆಡುವುದು.

ಹಾಗಾದರೆ ಶಾಖವನ್ನು ಹಿಡಿತದಲ್ಲಿಡುವುದು ಹೇಗೆ? ಉಗಿಯ ಒತ್ತಡದಿಂದ. ವಾಯುಮಂಡಲದ ಒತ್ತಡದಲ್ಲಿ ಉಗಿಯ ಉಷ್ಣತೆ 100 ಡಿಗ್ರಿ. ಒತ್ತಡ ಅದರ ಇಮ್ಮಡಿಯಾದರೆ ಸುಮಾರು 120 ಡಿಗ್ರಿ. ಹಾಲು ಬೇಕಾದಷ್ಟು ಕಾದಾಗ ಕವಾಟವು ಉಗಿಯ ದಾರಿಯನ್ನು ಕಿರಿದುಗೊಳಿಸುತ್ತದೆ. ಒಳಗಿನ ಒತ್ತಡವೂ ಉಷ್ಣತೆಯೂ ಇಳಿಯುತ್ತವೆ.

ಇನ್ನು ಉಗಿಯಿಳಿದ ನೀರಿನ ಮಾತು. ನೀರು ಹೊರಗೆ ಹೋಗಬೇಕು, ಉಗಿ ಹೋಗಬಾರದು. ಇದಕ್ಕಾಗಿ ಇರುವ ಸಾಧನವೇ ಸ್ಟೀಮ್ ಟ್ರ್ಯಾಪ್. ಅದರ ಒಂದು ಬಗೆಯಲ್ಲಿ ತೇಲುವ ಗುಂಡು ಇರುತ್ತದೆ. ನೀರು ಸೇರಿದರೆ ಗುಂಡು ಮೇಲೆದ್ದು ಬಾಯಿ ತೆರೆಯುತ್ತದೆ. ನೀರು ಹೋದರೆ ಕೆಳಗಿಳಿದು ಮುಚ್ಚುತ್ತದೆ. ಆದರೆ ಟ್ರ್ಯಾಪಿಗೆ ತಳ್ಳುವ ಬಲವಿಲ್ಲ. ತಳ್ಳುವುದು ಒಳಗಿನ ಒತ್ತಡ. ಕವಾಟ ಕಿರಿದಾಗಿ ಆ ಒತ್ತಡ ಕುಗ್ಗಿದಾಗ, ಮುಂದಿನ ಕೊಳವೆ ಮೇಲಕ್ಕೇರುವಂತಿದ್ದರೆ, ನೀರು ಅಲ್ಲೇ ನಿಲ್ಲುತ್ತದೆ. ಕೊಳವೆಗಳು ಮುಳುಗುತ್ತವೆ, ಹಾಲು ಆರುತ್ತದೆ, ಕವಾಟ ಮತ್ತೆ ತೆರೆಯುತ್ತದೆ. ಆಗ ನುಗ್ಗಿ ಬಂದ ಉಗಿ ನಿಂತ ನೀರನ್ನು ಎತ್ತಿ ಒಗೆದರೆ ಸುತ್ತಿಗೆಯಿಂದ ಬಡಿದಂತೆ ಸದ್ದಾಗುತ್ತದೆ. ಈ ಹೊಡೆತಕ್ಕೆ ಬೀಡುಕಬ್ಬಿಣದ ಕವಾಟಗಳೂ ಒಡೆಯಬಲ್ಲವು. ಬಳಿಯಿದ್ದವರ ಪ್ರಾಣಕ್ಕೂ ಅಪಾಯ. ಆದುದರಿಂದ ತಣ್ಣಗಿರುವ ಉಗಿ ಕೊಳವೆಯಲ್ಲಿನ ನೀರನ್ನು ಮೊದಲು ಬಸಿದು, ಅನಂತರ ಕವಾಟವನ್ನು ಮೆಲ್ಲಮೆಲ್ಲನೆ ತೆರೆಯಬೇಕು. ಅವಸರ ಇಲ್ಲಿ ಸಲ್ಲದು.

ನೀರು ನಿಲ್ಲದಿರಲು ಟ್ರ್ಯಾಪನ್ನು ಯಂತ್ರಕ್ಕಿಂತ ಕೆಳಗಿಟ್ಟು, ಇಳಿಜಾರಿನಲ್ಲೇ ನೀರು ಗಾಳಿಗೆ ತೆರೆದ ತೊಟ್ಟಿಗೆ ಬೀಳುವಂತೆ ಮಾಡಿ, ಅಲ್ಲಿಂದ ಪಂಪಿನಿಂದ ಎತ್ತುವುದು ಲೇಸು. ಉಗಿಯೊಡನೆ ಸೇರಿದ ಗಾಳಿಯನ್ನೂ ಹೊರಬಿಡಬೇಕು. ಗಾಳಿಯ ಪೊರೆ ಶಾಖಕ್ಕೆ ಅಡ್ಡಗೋಡೆ.

ಈ ಬಿಸಿನೀರು ಚೆಲ್ಲುವ ವಸ್ತುವಲ್ಲ. ಬಾಯ್ಲರಿಗೆ ಊಡುವ ನೀರು ಸುಮಾರು 6 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ನೂರರಲ್ಲಿ ಒಂದು ಪಾಲು ಉರುವಲು ಉಳಿಯುತ್ತದೆ. ಆದರೆ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸಕ್ಕರೆ ನೀರಿಗೆ ಬೆರೆತು ಬಾಯ್ಲರಿನಲ್ಲಿ ನೊರೆಯೆದ್ದು, ಆಮ್ಲವುಂಟಾಗಿ ಲೋಹ ಸವೆಯುತ್ತದೆ. ಆದುದರಿಂದ ಆಲ್ಫಾ ನ್ಯಾಫ್ಥಾಲ್ ಮತ್ತು ಗಂಧಕಾಮ್ಲದಿಂದ ಆ ನೀರನ್ನು ಪರೀಕ್ಷಿಸುವರು. ನೇರಿಳೆ ಉಂಗುರ ಮೂಡಿದರೆ ಸಕ್ಕರೆ ಇದೆಯೆಂದರ್ಥ. ಅಂಥ ನೀರನ್ನು ಬಾಯ್ಲರಿಗೆ ಬಿಡಲಾಗದು.

ವಿದ್ಯಾರ್ಥಿಗಳೇ, ಮನೆಯಲ್ಲಿ ಅನ್ನ ಬೇಯುವಾಗ ಮುಚ್ಚಳದ ಒಳಮೈಯನ್ನು ನೋಡಿರಿ. ಅಲ್ಲಿ ಸಾಲುಗಟ್ಟಿದ ಹನಿಗಳು ಉಗಿಯಿಳಿದ ನೀರೇ. ಆ ಹನಿಗಳು ಬಿಟ್ಟ ಶಾಖದಿಂದಲೇ ಮುಚ್ಚಳ ಕೈಸುಡುವಷ್ಟು ಕಾದಿರುವುದು. ಪಾಲಕರಲ್ಲಿ ಕಾರಖಾನೆಯ ಕೆಲಸ ಬಲ್ಲವರಿದ್ದರೆ ಮಿಕ್ಕುದನ್ನು ಮಕ್ಕಳಿಗೆ ವಿವರಿಸಿ ಹೇಳಬೇಕೆಂದು ನಮ್ಮ ವಿನಂತಿ.